ಮಗಳ ಜಿಮ್ನಾಸ್ಟಿಕ್ಸ್ ಇಪ್ಪತ್ತೆರಡರ ವಯಸ್ಸಿಗೆ ಮುಗಿಯುತ್ತದೆ, ಆಮೇಲೆ?

ಮೈಸೂರಿನಿಂದ ಡಲ್ಲಾಸ್ ಹತ್ತಿರದ ಪ್ಲೇನೊಗೆ ಹೊಸದಾಗಿ ಬಂದಿದ್ದೀರಿ. ಎಚ್-4 ವೀಸಾದಲ್ಲಿರುವ (ಎಚ್-1ಬಿ ನೌಕರರ ಕುಟುಂಬಕ್ಕೆ ಕೊಡುವ ವೀಸಾ) ಹನ್ನೊಂದು ವರ್ಷದ ಮಗಳನ್ನು ಜಿಮ್‌ನವರು ಲೆವೆಲ್ 5 ತಂಡಕ್ಕೆ (ಇಲ್ಲಿ ಲೆವೆಲ್‌ಗಳು 1ರಿಂದ 10ರವರೆಗೆ) ತೆಗೆದುಕೊಂಡು, ವಾರಕ್ಕೆ 16 ಗಂಟೆ ಕಳಿಸಿ ಅನ್ನುತ್ತಿದ್ದಾರೆ. ಭಾರತೀಯ ಮೂಲದ ಅಮೆರಿಕನ್ ಜಿಮ್ನಾಸ್ಟ್ ಮೋಹಿನಿ ಭಾರದ್ವಾಜ್ ಹಾಗೆ ಕಾಲೇಜು, ಒಲಿಂಪಿಕ್ಸ್ ಅಂತ ಹೋಗಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಲೆಕ್ಕವನ್ನು ಒಲಿಂಪಿಕ್ಸ್‌ನಿಂದ ಶುರು ಮಾಡಬೇಡಿ. ಆಟ ನಿಲ್ಲುವ ದಿನದಿಂದ ಹಿಂದಕ್ಕೆ ಎಣಿಸಿ. ಇಲ್ಲಿ ಕಾಲೇಜು ತಂಡ ಮುಟ್ಟಿದ ಬಹುತೇಕ ಹೆಣ್ಣುಮಕ್ಕಳಿಗೆ ಕಾಲೇಜಿನ ನಾಲ್ಕು ವರ್ಷವೇ ಈ ಆಟದ ಕೊನೆಯ ನಿಲ್ದಾಣ, ಮತ್ತು ಅದೇ ತುಂಬ ಒಳ್ಳೆಯ ನಿಲ್ದಾಣ. 21-22ಕ್ಕೆ ನಿವೃತ್ತಿ. ಆಮೇಲೆ ಆಟದಿಂದಲೇ ಹೊಟ್ಟೆ ತುಂಬುವುದಿಲ್ಲ.

ಮೋಹಿನಿಯವರ ಬದುಕನ್ನೇ ನೋಡಿ. ತಂದೆ ಭಾರತೀಯರು, ತಾಯಿ ರಷ್ಯನ್. ಹುಟ್ಟಿದ್ದು 1978ರಲ್ಲಿ, ಫಿಲಡೆಲ್ಫಿಯಾದಲ್ಲಿ. ಯುಸಿಎಲ್‌ಎ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ತಂಡ 2000 ಮತ್ತು 2001ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದಾಗ ಆ ತಂಡದಲ್ಲಿದ್ದರು. ಅನ್‌ಈವನ್ ಬಾರ್ಸ್‌ನಲ್ಲಿ ಮೇಲಿನ ಬಾರಿನಿಂದ ಕೆಳಗಿನದಕ್ಕೆ ಹಿಂದಕ್ಕೆ ಪಲ್ಟಿ ಹೊಡೆಯುತ್ತಲೇ ಒಂದು ಪೂರ್ತಿ ಸುತ್ತು ತಿರುಗುವ ಪಟ್ಟು ಇವತ್ತಿಗೂ ನಿಯಮಪುಸ್ತಕದಲ್ಲಿ ಅವರ ಹೆಸರಲ್ಲೇ ಇದೆ. ಇಷ್ಟೆಲ್ಲ ಇದ್ದೂ, ಪದವಿ ಮುಗಿಸಿ ಒಲಿಂಪಿಕ್ಸ್‌ಗೆ ಮತ್ತೆ ತಯಾರಾಗುವಾಗ ಕೈಯಲ್ಲಿ ದುಡ್ಡಿರಲಿಲ್ಲ. ಪಿಜ್ಜಾ ಡೆಲಿವರಿ ಕೆಲಸ ಮಾಡಿದರು. ನಟಿ ಪಮೇಲಾ ಆ್ಯಂಡರ್ಸನ್ 20,000 ಡಾಲರ್ ಕೊಟ್ಟಿದ್ದು ಆಗಲೇ. 2004ರ ಅಥೆನ್ಸ್‌ನಲ್ಲಿ, 25ರ ವಯಸ್ಸಿನಲ್ಲಿ, ಅಮೆರಿಕದ ತಂಡದ ಜೊತೆ ಬೆಳ್ಳಿ ಗೆದ್ದರು. ಫೈನಲ್‌ನಲ್ಲಿ ಸಹ ಆಟಗಾರ್ತಿ ಗಾಯದಿಂದ ಹಿಂದೆ ಸರಿದಾಗ ಕೊನೆ ಗಳಿಗೆಯಲ್ಲಿ ಬೀಮ್ (ಸಪೂರ ತೊಲೆ) ಹತ್ತಿದವರು ಇವರೇ. ಕಾಲೇಜಿನ ನಂತರ ಹೀಗೆ ಒಲಿಂಪಿಕ್ಸ್ ಮುಟ್ಟುವುದು ಅಪರೂಪ. ಗಂಡುಮಕ್ಕಳಲ್ಲಿ ಒಹಾಯೊ ಸ್ಟೇಟ್‌ನ ರಾಜ್ ಭಾವ್ಸರ್ 2008ರಲ್ಲಿ ತಂಡದ ಕಂಚು ಗೆದ್ದಿದ್ದಾರೆ.

ಈಗ ನಿಮ್ಮ ಮಗಳ ವರ್ಷಗಳ ಲೆಕ್ಕ. ಲೆವೆಲ್ 5ರವರೆಗೆ ಎಲ್ಲರಿಗೂ ಒಂದೇ ರೊಟೀನ್ (ಪಟ್ಟುಗಳ ಸರಣಿ), 6ರಿಂದ ಅವರವರದೇ. ಕಾಲೇಜು ಕ್ರೀಡೆಯ ಮೂರು ದರ್ಜೆಗಳಲ್ಲಿ ಮೇಲಿನದಾದ ಡಿವಿಷನ್ 1ರ ಕಾಲೇಜುಗಳು ನೋಡುವುದು ಲೆವೆಲ್ 10ರ ಹುಡುಗಿಯರನ್ನು. ಹೈಸ್ಕೂಲಿನ ಎರಡನೇ ವರ್ಷ, ಅಂದರೆ ಹತ್ತನೇ ತರಗತಿ ಮುಗಿದ ಮೇಲೆ ಜೂನ್ 15ರಿಂದ ಕೋಚ್‌ಗಳು ನೇರವಾಗಿ ಮಾತಾಡಬಹುದು. ಅಷ್ಟರೊಳಗೆ ಲೆವೆಲ್ 10ರ ವಿಡಿಯೊ ಕೈಯಲ್ಲಿದ್ದರೆ ಒಳ್ಳೆಯದು. ವರ್ಷಕ್ಕೊಂದು ಲೆವೆಲ್ ಆದರೂ ಅವಳಿಗೆ ಐದು ವರ್ಷ ಬೇಕು, ಬಿಡುವೇ ಇಲ್ಲ. ಒಂದು ಲೆವೆಲ್‌ನಲ್ಲಿ ಎರಡು ವರ್ಷ ಉಳಿಯುವುದು ತೀರಾ ಸಾಮಾನ್ಯ, ಅದನ್ನು ಸೋಲು ಅಂದುಕೊಂಡು ಕೋಚ್ ಮೇಲೆ ಒತ್ತಡ ಹಾಕಬೇಡಿ. ಗಾಯಗಳು ಹುಟ್ಟುವುದು ಆ ಆತುರದಲ್ಲೇ.

ಟೆಕ್ಸಾಸ್‌ನಲ್ಲಿ ಡಿವಿಷನ್ 1 ಮಹಿಳಾ ತಂಡವೇ ಇಲ್ಲ, ಎಷ್ಟೋ ಜನರಿಗೆ ಇದು ಗೊತ್ತಿರುವುದಿಲ್ಲ. ಹತ್ತಿರದ ದೊಡ್ಡ ತಂಡ ಉತ್ತರಕ್ಕೆ ಮೂರು ಗಂಟೆ ದಾರಿಯ ಒಕ್ಲಹೋಮಾ ವಿಶ್ವವಿದ್ಯಾಲಯದ್ದು. ಡಿವಿಷನ್ 2 ಸಾಕು ಅಂದರೆ ನಿಮ್ಮ ಪಕ್ಕದ ಡೆಂಟನ್‌ನಲ್ಲೇ ಟೆಕ್ಸಾಸ್ ವುಮನ್ಸ್ ಯೂನಿವರ್ಸಿಟಿ ಇದೆ. ಡಿವಿಷನ್ 3ರಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಇರುವುದಿಲ್ಲ. ಹಿಂದೆ ಡಿವಿಷನ್ 1 ತಂಡಕ್ಕೆ 12 ಪೂರ್ಣ ಸ್ಕಾಲರ್‌ಶಿಪ್ ಎಂಬ ಮಿತಿ ಇತ್ತು. 2025ರಲ್ಲಿ ನಿಯಮ ಬದಲಾದ ಮೇಲೆ, ಆಟಗಾರರಿಗೆ ನೇರವಾಗಿ ಹಣ ಹಂಚುವ ಹೊಸ ವ್ಯವಸ್ಥೆಗೆ ಸೇರಿದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಮಿತಿ ಹೋಗಿ ತಂಡಕ್ಕೆ 20 ಜನ ಎಂಬ ಮಿತಿ ಬಂದಿದೆ. ಆದ್ದರಿಂದ "ತಂಡಕ್ಕೆ ತೆಗೆದುಕೊಳ್ಳುತ್ತೇವೆ" ಅಂದರೆ ಫೀಸ್ ಕೊಡುತ್ತಾರೆ ಎಂದಲ್ಲ. ಎಷ್ಟು ಪಾಲು, ಎಷ್ಟು ವರ್ಷಕ್ಕೆ ಎಂದು ಬರಹದಲ್ಲಿ ತೆಗೆದುಕೊಳ್ಳಿ.

ಓದಿನ ಕಡೆ ಡಿವಿಷನ್ 1ಕ್ಕೆ 9ನೇ ತರಗತಿಯಿಂದ 16 ಕೋರ್ ವಿಷಯಗಳು ಮತ್ತು ಅವುಗಳಲ್ಲಿ ಕನಿಷ್ಠ 2.3 ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ) ಬೇಕು. ನಮ್ಮವರ ಮಕ್ಕಳಿಗೆ ಅಂಕ ಕಷ್ಟವಲ್ಲ, ತೊಡಕಾಗುವುದು ಬೇರೆ ಕಡೆ. ಬೆಳಿಗ್ಗೆಯೂ ಅಭ್ಯಾಸ ಮಾಡಿಸಲು ಕೆಲವು ಜಿಮ್‌ಗಳು ಆನ್‌ಲೈನ್ ಶಾಲೆ ಸೇರಿಸಿ ಅನ್ನುತ್ತವೆ. ಆ ಕೋರ್ಸ್ ಎನ್‌ಸಿಎಎ (ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ) ಒಪ್ಪಿದ ಪಟ್ಟಿಯಲ್ಲಿ ಇಲ್ಲದಿದ್ದರೆ ಅಲ್ಲಿ ಓದಿದ್ದು ಲೆಕ್ಕಕ್ಕೇ ಬರುವುದಿಲ್ಲ.

ವೀಸಾದ ವಿಷಯ ಇಲ್ಲಿನ ಕೋಚ್‌ಗಳಿಗೆ ಗೊತ್ತಿರುವುದಿಲ್ಲ, ನೀವೇ ನೋಡಿಕೊಳ್ಳಬೇಕು. ಎಚ್-4 ಇಪ್ಪತ್ತೊಂದು ವರ್ಷ ತುಂಬಿದಾಗ ಮುಗಿಯುತ್ತದೆ. ಅದು ಬೀಳುವುದು ಕಾಲೇಜಿನ ಮೂರನೇ ಅಥವಾ ನಾಲ್ಕನೇ ವರ್ಷದಲ್ಲಿ, ಜನವರಿಯಿಂದ ಏಪ್ರಿಲ್ ತನಕದ ಸ್ಪರ್ಧೆಗಳ ನಡುವೆಯೂ ಬೀಳಬಹುದು. ಅಷ್ಟರಲ್ಲಿ ಗ್ರೀನ್ ಕಾರ್ಡ್ ಬಂದಿರದಿದ್ದರೆ ಕಾಲೇಜಿನಿಂದ ಐ-20 (ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಪ್ರವೇಶಪತ್ರ) ತೆಗೆದುಕೊಂಡು ಹಲವು ತಿಂಗಳು ಮೊದಲೇ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಬೇಕು. ಕ್ರೀಡಾ ಸ್ಕಾಲರ್‌ಶಿಪ್ ಪಡೆಯಲು ವೀಸಾ ಅಡ್ಡಿಯಲ್ಲ. ಅಮೆರಿಕದ ಕೇಂದ್ರ ಸರ್ಕಾರದ ನೆರವು ಮಾತ್ರ ಸಿಗುವುದಿಲ್ಲ.

ಅಡ್ಡಿಯಾಗುವುದು ಸಂಪಾದನೆಗೆ. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ದುಡಿಯಬಹುದು. ತಂಡದ ಗೆಳತಿ ಇನ್‌ಸ್ಟಾಗ್ರಾಮ್‌ನಲ್ಲಿ ಲಿಯೊಟಾರ್ಡ್ ಉಡುಪಿನ ಜಾಹೀರಾತು ಹಾಕಿ ದುಡ್ಡು ತೆಗೆದುಕೊಳ್ಳುತ್ತಾಳೆ. ಎಚ್-4 ಅಥವಾ ಎಫ್-1 ಮೇಲಿರುವ ಹುಡುಗಿ ಅದನ್ನೇ ಮಾಡಿದರೆ ಸ್ಟೇಟಸ್‌ಗೇ ಕುತ್ತು ಬರಬಹುದು. ಅಷ್ಟು ದೂರ ಏಕೆ, ಹದಿನೈದರ ಮಕ್ಕಳಿಗೆ ಜಿಮ್‌ನವರು ಚಿಕ್ಕ ಮಕ್ಕಳ ಕ್ಲಾಸ್ ಒಪ್ಪಿಸಿ ಗಂಟೆಗೆ ಇಷ್ಟು ಎಂದು ಕೊಡುವುದುಂಟು. ನಿಮ್ಮ ಮಗಳು ಅದನ್ನು ಒಪ್ಪಿಕೊಳ್ಳುವಂತಿಲ್ಲ. ದುಡ್ಡಿನ ಬದಲು ಫೀಸಿನಲ್ಲಿ ರಿಯಾಯಿತಿ ಕೊಟ್ಟರೂ ಅದು ಕೂಲಿಯೇ.

ಪದವಿಯ ನಂತರ ಎಫ್-1 ಮೇಲೆ 12 ತಿಂಗಳ ಒಪಿಟಿ (ಓದಿನ ನಂತರ ಕೆಲಸ ಮಾಡುವ ಅನುಮತಿ) ಸಿಗುತ್ತದೆ, ಆದರೆ ಕೆಲಸ ಓದಿದ ವಿಷಯಕ್ಕೆ ಸಂಬಂಧಪಟ್ಟಿರಬೇಕು. ಕಂಪ್ಯೂಟರ್ ಸೈನ್ಸ್ ಓದಿದ ಜಿಮ್ನಾಸ್ಟ್ ಒಪಿಟಿಯಲ್ಲಿ ಕೋಚ್ ಆಗಲಾರಳು. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪದವಿಗೆ ಸಿಗುವ ಹೆಚ್ಚುವರಿ 24 ತಿಂಗಳು ಐ-20ಯಲ್ಲಿರುವ ಕೋರ್ಸ್ ಕೋಡ್ ಮೇಲೆ ನಿಂತಿದೆ. ವ್ಯಾಯಾಮ ವಿಜ್ಞಾನದಲ್ಲಿ ಹೆಸರು ಒಂದೇ ಥರ ಇದ್ದರೂ ಕೋಡ್ ಬೇರೆ ಇರುವ ಪದವಿಗಳುಂಟು, ಸೇರುವ ಮೊದಲೇ ಕೇಳಿ. ಆಟ ಬಿಟ್ಟವರು ಹೆಚ್ಚಾಗಿ ಹಿಡಿಯುವ ದಾರಿಗಳು ಫಿಸಿಯೊಥೆರಪಿ, ಕೋಚಿಂಗ್, ತೀರ್ಪುಗಾರಿಕೆ, ಸಿನಿಮಾ ಸ್ಟಂಟ್. ಎಲ್ಲಕ್ಕೂ ಕೆಲಸದ ಅನುಮತಿ ಬೇಕು.

ದೇಹದ ಮಾತು ಕೊನೆಗೆ ಬಂದರೂ ಮುಖ್ಯ ಅದೇ. ಬೆಳೆಯುವ ವಯಸ್ಸಿನಲ್ಲಿ ಕೈ ಮೇಲೆ ಭಾರ ಬಿದ್ದು ಬಿದ್ದು ಮಣಿಕಟ್ಟಿನ ಹೆಬ್ಬೆರಳ ಕಡೆಯ ಮೂಳೆಯ ಬೆಳವಣಿಗೆಯ ಭಾಗ ಘಾಸಿಗೊಳ್ಳಬಹುದು. ಹ್ಯಾಂಡ್‌ಸ್ಟ್ಯಾಂಡ್‌ನಲ್ಲಿ ಅಲ್ಲಿ ನೋವು ಅಂದರೆ ಟೇಪ್ ಸುತ್ತಿ ಮುಂದುವರಿಸಬೇಡಿ, ಎಕ್ಸ್‌ರೇ ತೆಗೆಸಿ, ಕೆಲವು ವಾರ ಕೈಗೆ ಬಿಡುವು ಕೊಡಿ. ಬಾರ್ಸ್‌ಗೆ ಕಟ್ಟುವ ಚರ್ಮದ ಗ್ರಿಪ್ ಬಳಸುತ್ತಾ ಹಿಗ್ಗುತ್ತದೆ. ಹಿಗ್ಗಿದ ಗ್ರಿಪ್ ಬಾರಿನ ಸುತ್ತ ಮಡಚಿ ತನ್ನ ಮೇಲೆಯೇ ಕಚ್ಚಿಕೊಂಡರೆ ಕೈ ಅಲ್ಲೇ ನಿಲ್ಲುತ್ತದೆ, ದೇಹ ಮಾತ್ರ ತಿರುಗುತ್ತಲೇ ಇರುತ್ತದೆ. ಮುಂಗೈ ಮುರಿಯುವುದು ಹಾಗೆ. ತಿಂಗಳಿಗೊಮ್ಮೆ ಗ್ರಿಪ್ ಕೈಗೆ ಹಾಕಿಸಿ ಅಳತೆ ನೋಡಿ. ಹದಿನೈದಾದರೂ ಮುಟ್ಟು ಶುರುವಾಗದಿದ್ದರೆ, ಅಥವಾ ಶುರುವಾಗಿ ಮೂರು ತಿಂಗಳು ನಿಂತರೆ, ಆಟಗಾರ್ತಿಯರಲ್ಲಿ ಇದೆಲ್ಲ ಮಾಮೂಲು ಅನ್ನುವವರ ಮಾತು ಕೇಳದೆ ಡಾಕ್ಟರ್ ಹತ್ತಿರ ಹೋಗಿ. ಸಾಕಷ್ಟು ತಿನ್ನದೆ ದುಡಿಯುವ ದೇಹದ ಮೂಳೆ ಟೊಳ್ಳಾಗುತ್ತದೆ, ಅದರ ಬೆಲೆ ತೆರುವುದು ನಿವೃತ್ತಿಯ ನಂತರ.

ಕಾಲೇಜು ಆಟ ಇದಕ್ಕಿಂತ ಮೃದು. ಸೀಸನ್‌ನಲ್ಲಿ ವಾರಕ್ಕೆ 20 ಗಂಟೆಯ ಮಿತಿ, 10ಕ್ಕೆ ಅಂಕ, ಪ್ರತಿ ಉಪಕರಣದಲ್ಲಿ ಆರು ಜನ ಆಡಿ ಐದು ಅಂಕ ಲೆಕ್ಕ. ಕೇಟ್ಲಿನ್ ಒಹಾಶಿ 2013ರ ಅಮೆರಿಕನ್ ಕಪ್‌ನಲ್ಲಿ ಸಿಮೋನ್ ಬೈಲ್ಸ್‌ರನ್ನು ಹಿಂದಿಕ್ಕಿದ್ದವರು. ಬೆನ್ನು, ಭುಜದ ಗಾಯದಿಂದ ಎಲೀಟ್ ಮಟ್ಟ (ಒಲಿಂಪಿಕ್ಸ್‌ಗೆ ಹೋಗುವ ಹಂತ) ಬಿಡಬೇಕಾಯಿತು. ಯುಸಿಎಲ್‌ಎಗೆ ಸೇರಿ ಮತ್ತೆ ನಗುತ್ತಾ ಆಡಿದರು, 2019ರ ಜನವರಿಯಲ್ಲಿ ಫ್ಲೋರ್‌ನಲ್ಲಿ ಪಡೆದ 10ರ ವಿಡಿಯೊ ಜಗತ್ತೆಲ್ಲ ಸುತ್ತಿತು. ಅದೇ ವರ್ಷ ಅವರ ಕಾಲೇಜು ಆಟವೂ ಮುಗಿಯಿತು.

2024ರ ಆಗಸ್ಟ್‌ನಿಂದ ಕಾಲೇಜು ಆಟದ ಗಾಯಗಳಿಗೆ ಬಿಟ್ಟ ನಂತರವೂ ಎರಡು ವರ್ಷ ಎನ್‌ಸಿಎಎ ವಿಮೆ ಇದೆ. ಆದ್ದರಿಂದ ಹೊರಡುವ ಮುನ್ನ ಪ್ರತಿಯೊಂದು ಗಾಯವೂ ತಂಡದ ಡಾಕ್ಟರ ದಾಖಲೆಯಲ್ಲಿ ಇರಲಿ.

ಈಗ ಆ 16 ಗಂಟೆಗೆ ಹೂಂ ಅನ್ನುವ ಮುನ್ನ ಜಿಮ್‌ಗೆ ಹೋಗಿ ಮೂರು ವಿಷಯ ಕೇಳಿ. ಈಚಿನ ವರ್ಷಗಳಲ್ಲಿ ನಿಮ್ಮಲ್ಲಿ ಲೆವೆಲ್ 10 ಮುಟ್ಟಿದವರೆಷ್ಟು, ನಡುವೆ ಬಿಟ್ಟವರೆಷ್ಟು? ನೋವು ಅಂದ ಮಗುವಿಗೆ ಆ ದಿನ ಏನು ಮಾಡಿಸುತ್ತೀರಿ? ಅಭ್ಯಾಸವನ್ನು ಪೋಷಕರು ಯಾವಾಗ ಬೇಕಾದರೂ ಕೂತು ನೋಡಬಹುದೇ? ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ಡಾಕ್ಟರ್ ಆಗಿದ್ದು ನೂರಾರು ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಲ್ಯಾರಿ ನಾಸರ್ ಪ್ರಕರಣದ ನಂತರ ಮಗುವಿನ ಜೊತೆ ಕೋಚ್ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರುವಂತಿಲ್ಲ, ಮೆಸೇಜ್‌ಗಳಲ್ಲಿ ಪೋಷಕರೂ ಇರಬೇಕು. ಮೂರನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ಬೇರೆ ಜಿಮ್ ನೋಡಿ. ಪ್ಲೇನೊ, ಫ್ರಿಸ್ಕೊ ಸುತ್ತಮುತ್ತ ಒಳ್ಳೆಯ ಜಿಮ್‌ಗಳಿಗೆ ಬರವಿಲ್ಲ.