ಕೆರೆ, ಹೊಳೆಗಳ ನೀರಿನಲ್ಲಿರುವ ಅಲ್ಯೂಮಿನಿಯಂನ ಬೇರೆ ಬೇರೆ ರೂಪಗಳನ್ನು ಅಳೆಯುವುದು ಹೇಗೆ?

ಒಟ್ಟು ಅಲ್ಯೂಮಿನಿಯಂ ಎಷ್ಟಿದೆ ಎಂದು ತಿಳಿದರಷ್ಟೇ ಸಾಲದು. ಮೀನಿನ ಕಿವಿರುಗಳಿಗೆ ಹಾನಿ ಮಾಡುವುದು ಮುಖ್ಯವಾಗಿ ಅದರ ಕರಗಿದ ಅಜೈವಿಕ ರೂಪ. ಜೇಡಿಮಣ್ಣಿನ ಕಣಗಳಲ್ಲಿರುವುದಾಗಲಿ, ಕೊಳೆತ ಸಸ್ಯಗಳಿಂದ ಬರುವ ಹ್ಯೂಮಿಕ್ ಆಮ್ಲಗಳು ಹಿಡಿದಿಟ್ಟುಕೊಂಡಿರುವುದಾಗಲಿ ಅಷ್ಟು ಅಪಾಯಕಾರಿಯಲ್ಲ.

ಆಮ್ಲಮಳೆಗೆ ತುತ್ತಾದ ಅಮೆರಿಕದ ಅಡಿರಾಂಡಾಕ್ ಸರೋವರಗಳನ್ನು ಅಧ್ಯಯನ ಮಾಡಿದ ಚಾರ್ಲ್ಸ್ ಡ್ರಿಸ್ಕಾಲ್ 1984ರಲ್ಲಿ ಪ್ರಕಟಿಸಿದ ವಿಧಾನ ಇದಕ್ಕೆ ಒಳ್ಳೆಯ ಉದಾಹರಣೆ. ನೀರಿನ ಒಂದು ಪಾಲಿಗೆ ಅಲ್ಯೂಮಿನಿಯಂ ಜೊತೆ ಕೂಡಿಕೊಳ್ಳುವ 8-ಹೈಡ್ರಾಕ್ಸಿಕ್ವಿನೋಲಿನ್ ಎಂಬ ರಾಸಾಯನಿಕ ಬೆರೆಸಿ, ಉಂಟಾದ ಸಂಯುಕ್ತವನ್ನು ತಡಮಾಡದೆ ಸಾವಯವ ದ್ರಾವಕಕ್ಕೆ ಸೆಳೆದುಕೊಂಡರೆ, ಬಿಡಿಬಿಡಿಯಾಗಿ ಕರಗಿರುವ, ಅಂದರೆ ಮಾನೊಮೆರಿಕ್ ಅಲ್ಯೂಮಿನಿಯಂನ ಪ್ರಮಾಣ ದೊರೆಯುತ್ತದೆ. ಇನ್ನೊಂದು ಪಾಲನ್ನು ಮೊದಲು ಧನ ವಿದ್ಯುದಾವೇಶದ ಕಣಗಳನ್ನು ಹಿಡಿದಿಡುವ ಧನ ಅಯಾನು ವಿನಿಮಯ ರಾಳ ತುಂಬಿದ ಕೊಳವೆಯ ಮೂಲಕ ಹರಿಸಿದಾಗ ಅಜೈವಿಕ ರೂಪ ರಾಳದಲ್ಲೇ ಉಳಿದು, ಸಾವಯವ ಪದಾರ್ಥಕ್ಕೆ ಅಂಟಿಕೊಂಡದ್ದು ಮಾತ್ರ ಹೊರಬರುತ್ತದೆ; ಅದನ್ನೂ ಹಾಗೆಯೇ ಅಳೆಯುತ್ತಾರೆ. ಎರಡೂ ಅಳತೆಗಳ ವ್ಯತ್ಯಾಸವೇ ಅಜೈವಿಕ ಪಾಲು. ಹೀಗೆ ಕಳೆದು ಪಡೆದ ಅಂಕಿಯಾದ್ದರಿಂದ ಎರಡೂ ಅಳತೆಗಳ ದೋಷ ಅದರಲ್ಲಿ ಸೇರಿರುತ್ತದೆ.

ನನ್ನ ದೃಷ್ಟಿಯಲ್ಲಿ ಹೆಚ್ಚಿನ ಎಚ್ಚರ ಬೇಕಾದದ್ದು ಮಾದರಿಯನ್ನು ಕಾಪಾಡುವುದರಲ್ಲಿ. ಕೆಡದಿರಲೆಂದು ಬಾಟಲಿಗೆ ಆಮ್ಲ ಸೇರಿಸಿದರೆ ರೂಪಗಳ ಹಂಚಿಕೆಯೇ ಬದಲಾಗುತ್ತದೆ. ಕರಗಿದ ಇಂಗಾಲದ ಡೈಆಕ್ಸೈಡ್ ಹೊರಹೋದರೂ, ನೀರು ಬೆಚ್ಚಗಾದರೂ ಅದೇ ಪಾಡು. ರಾಳ ಕೂಡ ನೀರಿನ ಪಿಎಚ್ (ಆಮ್ಲೀಯತೆಯ ಮಟ್ಟ) ಅನ್ನು ಬದಲಿಸದಂತೆ ಅದನ್ನು ಮೊದಲೇ ಹದಗೊಳಿಸಿಕೊಂಡಿರಬೇಕು.