ಬಿಲ್ಲು ಎಲ್ಲಿ ತಾಯಿ?

ತುಮಕೂರಿನ ಎಸ್‌ಐಟಿ ಬಡಾವಣೆಯಿಂದ ಮೂರು ಪುಟದ ಪತ್ರ ಬಂದಿದೆ. ಅದರಲ್ಲಿ ಎರಡೂವರೆ ಪುಟ ಅವಮಾನದ ಮಾತು. ಓದಿ ಮುಗಿಸುವಷ್ಟರಲ್ಲಿ ನನಗೆ ಸಿಟ್ಟು ನೆತ್ತಿಗೇರಿತ್ತು. ಕಾರ್ಖಾನೆಯವರ ಮೇಲಲ್ಲ. ಯಾರ ಮೇಲೆ ಅಂತ ಆಮೇಲೆ ಹೇಳುತ್ತೇನೆ.

ವಿಷಯ ಇಷ್ಟು. ಈಕೆಗೆ 36 ವರ್ಷ. ಮನೆಯಲ್ಲೇ ಕೂತು ಯಂತ್ರದ ಬಿಡಿಭಾಗಗಳ ಕ್ಯಾಡ್ ಡ್ರಾಯಿಂಗ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ, ಮಾಡಿಕೊಡುತ್ತಾರೆ. ವಸಂತನರಸಾಪುರದ ಒಂದು ಕಾರ್ಖಾನೆ ಜೊತೆ ಒಂದು ವರ್ಷದ ಕಾಂಟ್ರಾಕ್ಟ್, ತಿಂಗಳಿಗೆ 38 ಸಾವಿರ. ಪಿಎಫ್ ಇಲ್ಲ, ರಜೆ ಇಲ್ಲ, ಗುರುತಿನ ಚೀಟಿಯೂ ಇಲ್ಲ. ಏಳನೇ ತಿಂಗಳು ಶುರುವಾಗಿ ಹನ್ನೆರಡು ದಿನ, ಶುಕ್ರವಾರ ಸಂಜೆ, ಮುದ್ದೆಗೆ ಎಸರಿಟ್ಟಿದ್ದಾಗ ವಾಟ್ಸಾಪ್ ಬಂತು: ‘ಮೇಡಂ, ಪ್ರಾಜೆಕ್ಟ್ ಹೋಲ್ಡ್ ಆಗಿದೆ. ಸೋಮವಾರದಿಂದ ಡ್ರಾಯಿಂಗ್ ಬೇಡ.’ ಕೆಳಗೆ ಕೈಮುಗಿದ ಚಿತ್ರ.

ಕೋರ್ಟಿಗೆ ಹೋಗಲೋ, ಮ್ಯಾನೇಜರ್ ಕೈಕಾಲು ಹಿಡಿಯಲೋ, ಬೆಳಗಿನ ರೈಲು ಹತ್ತಿ ಪೀಣ್ಯದಲ್ಲಿ ಕೆಲಸ ಹುಡುಕಲೋ? ಇದು ಇವರ ಪ್ರಶ್ನೆ.

ಆದರೆ ಕೊನೆಯ ಪುಟದಲ್ಲಿ, ಸಹಿಗಿಂತ ಸ್ವಲ್ಪ ಮೇಲೆ, ಜಾಗ ಸಾಲದೆ ಓರೆಯಾಗಿ ಬರೆದ ಒಂದು ಸಾಲಿದೆ. ‘ಹಿಂದಿನ ಎರಡು ತಿಂಗಳ ಬಿಲ್ಲೂ ನಾನಿನ್ನೂ ಕೊಟ್ಟಿಲ್ಲ, ಒಟ್ಟಿಗೆ ಕೊಡಿ ಅಂತ ಕಾರ್ಖಾನೆಯವರು ಅಂದಿದ್ದರು. ಈಗ ಕೊಡೋಣ ಅಂದರೆ ನಮ್ಮ ಭಾವ, ಕೆಲಸ ಕೊಡಿಸಿದವನು ನಾನು, ನನ್ನ ಮುಖ ನೋಡಿ ಸುಮ್ಮನಿರು ಅಂತಾರೆ.’

ಅಲ್ಲ ತಾಯಿ, ಅವಮಾನಕ್ಕೆ ಎರಡೂವರೆ ಪುಟ, 76 ಸಾವಿರ ರೂಪಾಯಿಗೆ ಒಂದು ಓರೆ ಸಾಲು?

ನಮ್ಮಪ್ಪ ತಿಪಟೂರು ಮಂಡಿಗೆ ಕೊಬ್ಬರಿ ಹಾಕುತ್ತಿದ್ದರು. ಈ ಅಂಕಣ ಓದುವವರಿಗೆ ಅಪ್ಪನ ಚೀಟಿ ಕಥೆ ಹಳೆಯದು, ಬೇಡದವರು ಮುಂದಿನ ಪ್ಯಾರಾಕ್ಕೆ ಹೋಗಿ. ದಲ್ಲಾಳಿ ನಮಗೆ ನೆಂಟನೇ. ಆದರೂ ತೂಕದ ಚೀಟಿ ಕೈಗೆ ಬರುವ ತನಕ ಅಪ್ಪ ಚೀಲದ ಮೇಲಿಂದ ಎದ್ದವರಲ್ಲ. ‘ಏನ್ ಮಾವ, ನನ್ ಮೇಲೆ ನಂಬ್ಕೆ ಇಲ್ವಾ?’ ಅಂತ ಅವನು ಕೇಳಿದರೆ, ‘ನಿನ್ ಮೇಲೈತೆ ಕಣಪ್ಪ, ನಿನ್ ಗ್ಯಾಪಕದ ಮೇಲಿಲ್ಲ’ ಅನ್ನುತ್ತಿದ್ದರು. ಅಂಥವರ ಮಗಳಾಗಿಯೂ ನಾನು ಒಮ್ಮೆ ಎಡವಿದ್ದೇನೆ. ಒಂದು ಪ್ರಕಾಶನದವರು ಅನುವಾದವನ್ನು ಅರ್ಧಕ್ಕೆ ನಿಲ್ಲಿಸಿದರು, ನಾನು ಸಂಕೋಚಪಟ್ಟು ಸುಮ್ಮನಿದ್ದೆ. ಬಾಕಿ ಹಣಕ್ಕೆ ದಾವೆ ಹಾಕಲು ಕಾನೂನು ಕೊಡುವುದು ಮೂರು ವರ್ಷ. ಅದು ಗೊತ್ತಾಗುವ ಹೊತ್ತಿಗೆ ನಾಲ್ಕನೆಯದು ನಡೆಯುತ್ತಿತ್ತು.

ಮ್ಯಾನೇಜರ್‌ನನ್ನು ದ್ರೋಹಿ ಅಂದಿದ್ದೀರಿ. ಇರಲಿಕ್ಕಿಲ್ಲ. ಅವರಿಗೂ ಮೇಲಿನಿಂದ ಆ ಸಂಜೆಯೇ ಹೇಳಿರಬಹುದು. ನನಗೆ ಆಗದವರು ನಿಮ್ಮ ಭಾವ. ಕೆಲಸ ಕೊಡಿಸಿದ್ದು ಉಪಕಾರ, ಸರಿ. ಆದರೆ ರಾತ್ರಿ ಹನ್ನೊಂದರವರೆಗೆ ಕಣ್ಣು ಕೀಲಿಸಿಕೊಂಡು ಗೆರೆ ಎಳೆದವರು ನೀವು. ಅವರ ಮುಖದ ಬೆಲೆಯನ್ನು ನಿಮ್ಮ ದುಡ್ಡಿನಲ್ಲಿ ಕಟ್ಟುವುದು ಯಾವ ನ್ಯಾಯ? ಇಂಥ ಭಾವಂದಿರು ಊರಿಗೆ ಹತ್ತು ಜನ ಇದ್ದಾರೆ. ಹಬ್ಬಕ್ಕೆ ಕರೆದು ಹೋಳಿಗೆ ಬಡಿಸಿ, ಲೆಕ್ಕದ ಪುಸ್ತಕ ಮಾತ್ರ ಮುಟ್ಟಗೊಡಬೇಡಿ.

ಈಗ ನಿಮ್ಮ ಕೈಯಲ್ಲಿ ಏನಿದೆ ನೋಡೋಣ. ಒಪ್ಪಂದದ ನಕಲು ಕಳಿಸಿದ್ದೀರಿ, ಒಳ್ಳೆಯದಾಯಿತು. ಯಾರೇ ಬಿಡುವುದಾದರೂ 30 ದಿನ ಮೊದಲು ಬರಹದಲ್ಲಿ ನೋಟಿಸ್ ಕೊಡಬೇಕು ಅಂತ ಅದರಲ್ಲಿದೆ. ಅಂದರೆ ಉಳಿದ ಅರ್ಧ ವರ್ಷದ ಹಣ ಸಿಗುತ್ತದೆ ಅನ್ನುವ ಆಸೆ ಬಿಡಿ. 1872ರ ಕರಾರು ಕಾಯ್ದೆಯ 73ನೇ ಕಲಮಿನಲ್ಲಿ ಕೇಳಬಹುದಾದ ನಷ್ಟ, ಇಂಥ ಷರತ್ತು ಇದ್ದಾಗ, ಸಾಮಾನ್ಯವಾಗಿ ನೋಟಿಸ್ ಅವಧಿಯಷ್ಟೇ. ಆ ಒಂದು ತಿಂಗಳದ್ದನ್ನು ಮಾತ್ರ ಬಿಡಬೇಡಿ. ಮಾಡಿದ ಕೆಲಸದ ಹಣ ಬೇರೆಯೇ, ಈ ಹನ್ನೆರಡು ದಿನದ್ದೂ ಸೇರಿ.

‘ಹೋಲ್ಡ್’ ಅನ್ನುವ ಪದ ಕಂಡರೆ ನನಗಾಗದು. ಅದು ಇದೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ರದ್ದೋ, ತಡೆಯೋ, ಬರಹದಲ್ಲಿ ತಿಳಿಸಿ ಅಂತ ಕೇಳಿ. ನೋಟಿಸ್ ಬಂದಿಲ್ಲವಾದರೆ ಕಾಂಟ್ರಾಕ್ಟ್ ಇನ್ನೂ ಜೀವಂತ ಅಂತ ನೀವು ಹಿಡಿಯಬಹುದು.

ಇನ್ನೊಂದನ್ನೂ ನೀವು ಸುಮ್ಮನೆ ಹೇಳಿ ದಾಟಿದ್ದೀರಿ. ಕಂಪ್ಯೂಟರ್ ಸಾಲಕ್ಕೆಂದು ಎರಡು ವರ್ಷದ ಹಿಂದೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು, ಮಾಡಿಸಿದ್ದೀರಂತೆ. ಈ ಕಾಂಟ್ರಾಕ್ಟಿಗಿಂತ ಮೊದಲಿನದು! 2006ರ ಎಂಎಸ್‌ಎಂಇಡಿ ಕಾಯ್ದೆ, ಅಂದರೆ ಸಣ್ಣ ಉದ್ದಿಮೆಗಳ ಕಾಯ್ದೆ, ನಿಮ್ಮಂಥ ಸಣ್ಣವರಿಗೇ ಇರುವುದು. ಡ್ರಾಯಿಂಗ್ ತಲುಪಿ 15 ದಿನದೊಳಗೆ ಬರಹದಲ್ಲಿ ತಕರಾರು ಬಾರದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡಂತೆ ಲೆಕ್ಕ. ಒಪ್ಪಂದದಲ್ಲಿ ಏನೇ ಬರೆದಿರಲಿ, ಅಲ್ಲಿಂದ 45 ದಿನ ಮೀರಿ ಹಣ ತಡೆಯುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಕೊಡದಿದ್ದರೆ ಇದಕ್ಕೆಂದೇ ಇರುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ಆನ್‌ಲೈನಿನಲ್ಲೇ ದೂರು ಹಾಕಬಹುದು. 2023ರಲ್ಲಿ ಆದಾಯ ತೆರಿಗೆಗೆ ತಂದ ತಿದ್ದುಪಡಿಯೊಂದು ಇದಕ್ಕಿಂತ ಚುರುಕು. ನಿಮ್ಮಂಥವರಿಗೆ ಗಡುವಿನೊಳಗೆ ಕೊಡದೆ ಬಾಕಿ ಉಳಿಸಿಕೊಂಡರೆ, ನಿಜವಾಗಿ ಕೊಟ್ಟ ವರ್ಷದವರೆಗೆ ಕಾರ್ಖಾನೆ ಅದನ್ನು ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸುವ ಹಾಗಿಲ್ಲ, ಅಷ್ಟಕ್ಕೂ ತೆರಿಗೆ ಕಟ್ಟಬೇಕು. ಹಾಗಾಗಿ ಮಾತಾಡಬೇಕಾದ್ದು ಮ್ಯಾನೇಜರ್ ಹತ್ತಿರವಲ್ಲ, ಅಕೌಂಟ್ಸ್ ವಿಭಾಗದಲ್ಲಿ. ‘ಉದ್ಯಮ್’ ಅಂದರೆ ಅಲ್ಲಿನವರಿಗೆ ತಟ್ಟನೆ ಅರ್ಥವಾಗುತ್ತದೆ.

ಕೋರ್ಟು ಆಮೇಲಿನ ಮಾತು. ಬೇಕೇ ಆದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಕೇಳದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಪೀಣ್ಯದ ರೈಲು ನಾಳೆಯೂ ಇರುತ್ತದೆ, ನಾಡಿದ್ದೂ ಇರುತ್ತದೆ.

ಈಗ ಮಾಡಬೇಕಾದ್ದು ಒಂದೇ. ಇವತ್ತು ರಾತ್ರಿ ಮಲಗುವ ಮೊದಲು ಬಿಲ್ಲು ಬರೆಯಿರಿ. ನಂಬರು, ತಾರೀಖು, ಉದ್ಯಮ್ ಸಂಖ್ಯೆ, ಯಾವ ಡ್ರಾಯಿಂಗ್ ಯಾವತ್ತು ಕಳಿಸಿದಿರಿ ಎಲ್ಲ ಇರಲಿ. ಎರಡು ತಿಂಗಳದ್ದು, ಹನ್ನೆರಡು ದಿನದ್ದು, ನೋಟಿಸ್ ತಿಂಗಳದ್ದು ಬೇರೆ ಬೇರೆ ಸಾಲು. ಅದನ್ನು ಇಮೇಲ್ ಮಾಡಿ, ವಾಟ್ಸಾಪ್‌ನಲ್ಲಿ ಅಲ್ಲ. ‘ಕ್ಷಮಿಸಿ, ತೊಂದರೆ ಕೊಡುತ್ತಿದ್ದೇನೆ’ ಅಂತ ಶುರುಮಾಡಿದರೆ ಅಳಿಸಿ ಮತ್ತೆ ಬರೆಯಿರಿ. ಅವರು ‘ಫುಲ್ ಅಂಡ್ ಫೈನಲ್’, ಅಂದರೆ ಇನ್ನೇನೂ ಬಾಕಿ ಇಲ್ಲ, ಅಂತ ಕಾಗದ ಮುಂದಿಟ್ಟರೆ, ಪೂರ್ತಿ ಹಣ ಖಾತೆಗೆ ಬೀಳದೆ ಸಹಿ ಹಾಕಬೇಡಿ.

ಭಾವನಿಗೆ ಪ್ರತಿ ಕಳಿಸುವ ಅಗತ್ಯವಿಲ್ಲ.