2023-24ರಲ್ಲಿ ಸೌತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಮಹಿಳಾ ಬಾಸ್ಕೆಟ್‌ಬಾಲ್ ತಂಡ ಆಡಿದ 38 ಪಂದ್ಯವನ್ನೂ ಗೆದ್ದದ್ದು ಹೇಗೆ?

ಮುಖ್ಯವಾಗಿ ಬೆಂಚಿನ (ಬದಲಿಯಾಗಿ ಇಳಿಯುವ ಆಟಗಾರ್ತಿಯರ) ಬಲದಿಂದ. ಹಿಂದಿನ ವರ್ಷ ಪಂದ್ಯ ಶುರುಮಾಡುತ್ತಿದ್ದ ಐವರೂ ತಂಡ ಬಿಟ್ಟಿದ್ದರು. ಕೋಚ್ ಡಾನ್ ಸ್ಟೇಲಿ ಒಬ್ಬ ತಾರೆಯನ್ನು ನೆಚ್ಚದೆ ಎಂಟು-ಒಂಬತ್ತು ಆಟಗಾರ್ತಿಯರನ್ನು ಸರದಿಯಲ್ಲಿ ಇಳಿಸಿದರು. 40 ನಿಮಿಷದ ಆಟದಲ್ಲಿ ಕಾಲು ಸೋತರೆ ರಕ್ಷಣೆ ಸಡಿಲವಾಗುತ್ತದೆ, ರೀಬೌಂಡಿಗೆ (ಬುಟ್ಟಿಗೆ ಬೀಳದೆ ಪುಟಿದ ಚೆಂಡಿಗೆ) ಜಿಗಿಯಲು ತ್ರಾಣವಿರುವುದಿಲ್ಲ.

ಅಮೆರಿಕದ ಕಾಲೇಜು ಚಾಂಪಿಯನ್‌ಶಿಪ್‌ನಲ್ಲಿ ಅಯೋವಾ ವಿರುದ್ಧದ ಫೈನಲ್ (87-75) ನೋಡಿ. ಅಯೋವಾದ ತಾರೆ ಕೇಟ್ಲಿನ್ ಕ್ಲಾರ್ಕ್ ಮೊದಲ ಕ್ವಾರ್ಟರಿನಲ್ಲೇ 18 ಅಂಕ ಹೊಡೆದರು. ಉಳಿದ ಮೂರೂ ಸೇರಿ 12 ಅಷ್ಟೇ. ಸೌತ್ ಕ್ಯಾರೊಲೈನಾದ ಬೆಂಚು ತಂದದ್ದು 37 ಅಂಕ, ಅಯೋವಾದ್ದು ಸೊನ್ನೆ. ರೀಬೌಂಡ್ 51-29, ಅದರಲ್ಲಿ 17 ಆರಡಿ ಏಳಿಂಚಿನ ಕಮಿಲಾ ಕಾರ್ಡೋಸೊ ಒಬ್ಬರದೇ.

ಅದೃಷ್ಟವೂ ಇತ್ತೆನ್ನಿ: ಟೆನ್ನೆಸ್ಸೀ ವಿರುದ್ಧ 74-73ರಲ್ಲಿ ಪಾರಾದದ್ದು, ಕೊನೇ ಕ್ಷಣದಲ್ಲಿ ಬೋರ್ಡಿಗೆ ಬಡಿದು ಒಳಬಿದ್ದ ಕಾರ್ಡೋಸೊ ಅವರ ಮೂರಂಕದ ಎಸೆತದಿಂದ.